ನೊರೆ ಬಾರದ ಗಡ್ಡ

ಗಡ್ಡ ಮಾಡಿಕೊಳ್ಳುವುದಕ್ಕೆ ಬೇಕಾಗುವುದು ಒಂದು ರೇಜರ್, ಒಂದು ಸಾಬೂನು, ಒಂದು ಗಲ್ಲ. ರೇಜರನ್ನು ರಾಯಚೂರಿನಲ್ಲಿ ಗುಮಾಸ್ತನಾಗಿದ್ದ ನನ್ನ ಭಾಮೈದ ದೀಪಾವಳಿಯ ಉಡುಗೊರೆಯಾಗಿ ಕೊಟ್ಟಿದ್ದ. ಗಲ್ಲ ಹುಟ್ಟಿದಾಗಿನಿಂದ ಜೊತೆಗೇ ಇತ್ತು. ಉಳಿದದ್ದು ಸಾಬೂನು. ಮಸ್ಕಿಯ ಶಾಲೆಯಲ್ಲಿ ನಾಲ್ಕನೇ ತರಗತಿಗೆ ವಿಜ್ಞಾನ ಹೇಳುವ ಮನುಷ್ಯನಿಗೆ ಒಂದು ಸಾಬೂನು ಆರಿಸಿ ತರುವುದು ಏನು ಮಹಾ ಕೆಲಸ! ಹಾಗೆಂದುಕೊಂಡೇ ನಾನು ಹೊರಟದ್ದು. ಹದಿನೈದು ದಿನದಲ್ಲಿ ನನಗೆ ಎಷ್ಟು ಸಾಕಾಗಿ ಹೋಯಿತೆಂದರೆ, ಇವತ್ತಿಗೂ ಗಡ್ಡದ ಸಾಬೂನಿನ ವಾಸನೆ ಬಂದರೆ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತುಬಿಡುತ್ತೇನೆ.

ಇದೆಲ್ಲ ನಿಜಾಮರ ಆಳ್ವಿಕೆ ಹೋಗಿ ನಾಲ್ಕೈದು ವರ್ಷವಾದ ಮೇಲಿನ ಮಾತು. ನಮ್ಮ ಶಾಲೆ ಉರ್ದುವಿನಿಂದ ಕನ್ನಡಕ್ಕೆ ಹೊರಳಿತ್ತು. ಉರ್ದುವಿನಲ್ಲಿ ಓದಿ, ಕನ್ನಡವನ್ನು ಮನೆಯಲ್ಲಿ ಕಲಿತ ನನ್ನಂಥವರನ್ನು ಹಂಗಾಮಿ ಮಾಸ್ತರರೆಂದು ತೆಗೆದುಕೊಂಡಿದ್ದರು. ಮೂರು ವರ್ಷದಿಂದ ಹಂಗಾಮಿ! ಮದುವೆಯಾಯಿತು, ಮಗಳು ಹುಟ್ಟಿದಳು, ಆದರೂ ನಾನು ಹಂಗಾಮಿ. ಕೊನೆಗೊಂದು ದಿನ ಕಾಗದ ಬಂತು. ಇನ್ನು ಹದಿನೈದು ದಿನಕ್ಕೆ, ಸೋಮವಾರ, ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆ. ಅವರು ಒಪ್ಪಿ ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ಕಾಗದದ ಹಿಂದೆಯೇ ಒಂದು ಸುದ್ದಿಯೂ ಬಂತು. ಯಾವುದೋ ಹಳ್ಳಿಯಲ್ಲಿ ಈ ಸಾಹೇಬರು ಪಾಠವನ್ನು ಕೇಳಲೇ ಇಲ್ಲವಂತೆ. ಮಾಸ್ತರನ ನಾಲ್ಕು ದಿನದ ಗಡ್ಡ ನೋಡಿ, 'ಶಿಕ್ಷಕರಲ್ಲಿ ಶುಚಿತ್ವವಿಲ್ಲ' ಎಂದು ಬರೆದು ಜೀಪು ಹತ್ತಿದರಂತೆ. ಆ ಬಡಪಾಯಿ ಈಗ ಅಣ್ಣನ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದಾನಂತೆ.

ನಾನು ಗಲ್ಲ ಮುಟ್ಟಿ ನೋಡಿಕೊಂಡೆ. ಜೋಳ ಕೊಯ್ದ ಹೊಲದ ಕೂಳೆ ಕೈಗೆ ಚುಚ್ಚಿದಂತಾಯಿತು.

ನಮ್ಮ ಮನೆತನದ ಗಡ್ಡವನ್ನು ಮೂರು ತಲೆಮಾರಿನಿಂದ ನೋಡಿಕೊಂಡು ಬಂದವರು ಹಡಪದ ಮಲ್ಲಪ್ಪನ ಮನೆಯವರು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಜೋಳ ಅಳೆದು ಕೊಟ್ಟರೆ ಆಯಿತು. ನಮ್ಮ ಓಣಿಗೆ ಅವನು ಬರುವುದು ಗುರುವಾರ. ಒಂದು ಹಿತ್ತಾಳೆ ಬಟ್ಟಲಲ್ಲಿ ನೀರು ತರುತ್ತಾನೆ, ಬೆರಳಿನಿಂದ ಗಲ್ಲಕ್ಕೆ ತಿಕ್ಕುತ್ತಾನೆ, ಕತ್ತಿ ಎಳೆಯುತ್ತಾನೆ. ಸಾಬೂನು ಗೀಬೂನು ಏನೂ ಇಲ್ಲ. ಸೋಮವಾರ ಮಾತ್ರ ಸಾಕ್ಷಾತ್ ಶಿವನೇ ಬಂದು ಗಲ್ಲ ಒಡ್ಡಿದರೂ ಕತ್ತಿ ಮುಟ್ಟುವುದಿಲ್ಲ. ಭಾನುವಾರ ಬಾ ಎಂದು ಒಂದು ಮಾತು ಕೇಳಿದ್ದರೆ ಬಂದೇ ಬರುತ್ತಿದ್ದ. ನನಗೋ ಭಾಮೈದನ ರೇಜರ್ ತಲೆಗೇರಿತ್ತು.

"ಮಲ್ಲಪ್ಪ, ಇನ್ನ ಮ್ಯಾಲ ನೀ ನನ್ನ ಸಲುವಾಗಿ ಬರೂದು ಬ್ಯಾಡ. ನನ್ನ ಗಡ್ಡ ನಾನ ಮಾಡ್ಕೊಂತೀನಿ" ಎಂದೆ.

ಮಲ್ಲಪ್ಪ ಕತ್ತಿ ಒರೆಸಿ ಚೀಲಕ್ಕೆ ಹಾಕಿದ. "ಆತ್ರಿ ಮಾಸ್ತರ್ರ. ಆದ್ರ ನೀರಿಂದೊಂದು ಸ್ವಲ್ಪ ನೋಡ್ಕೋರಿ."

"ಸಾಬೂನು ಇದ್ದ ಮ್ಯಾಲ ನೀರಿಂದೇನೋ? ಇದು ಹೊಸ ಕಾಲ!"

"ಹೌದ್ರಿ, ಕಾಲ ಹೊಸಾದೈತಿ" ಎಂದು ಅವನು ನಿಟ್ಟುಸಿರು ಬಿಟ್ಟು ಎದ್ದುಹೋದ. ಅವನಿಗೆ ಹೊಟ್ಟೆಕಿಚ್ಚು ಎಂದು ನಾನು ತಿಳಿದೆ.

ಮರುದಿನವೇ ಸಿಂಧನೂರಿಗೆ ಹೋದೆ. ಕಾಲುವೆ ಕೆಲಸಕ್ಕೆಂದು ಅಲ್ಲಿ ಇಂಜಿನಿಯರರೂ ಓವರ್‌ಸಿಯರರೂ ಬಂದು ಡೇರೆ ಹೊಡೆದಿದ್ದರು. ಅವರ ಗಲ್ಲಗಳ ದೆಸೆಯಿಂದ ಖಾದರ್ ಸಾಬರ ಅಂಗಡಿಗೆ ನಮ್ಮ ಸೀಮೆ ಕಂಡರಿಯದ ಸಾಮಾನು ಬಂದಿತ್ತು.

"ಬರ್ರಿ ಮಾಸ್ತರ್ ಸಾಬ್! ಏನ್ ಕೊಡ್ಲಿ?"

"ಗಡ್ಡದ ಸಾಬೂನು ತೋರಸ್ರಿ."

"ಯಾವ ಸಾಹೇಬ್ರಿಗೆ?"

"ನನಗೇ ರೀ" ಎಂದೆ, ಸ್ವಲ್ಪ ನೊಂದುಕೊಂಡು.

ಖಾದರ್ ಸಾಬರು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಗುಂಡನೆಯ ಡಬ್ಬಿಯಲ್ಲಿ ಗಟ್ಟಿ ಸಾಬೂನು. ಟ್ಯೂಬಿನಲ್ಲಿ ಕ್ರೀಮು. "ಡಬ್ಬೀದು ಭಾಳ ದಿನ ಬರ್ತದ. ಕ್ರೀಮು ಶೌಕೀನ್ ಮಂದಿದು. ನೋಡ್ರಿ, ನಿಮ್ಮ ಖುಷಿ."

ಎರಡರ ಮೇಲೂ ಬರೆದದ್ದೆಲ್ಲ ಇಂಗ್ಲಿಷು. ನನ್ನ ಇಂಗ್ಲಿಷು ದೊಡ್ಡಕ್ಷರಗಳ ತನಕ ಬಂದು ನಿಂತಿತ್ತು. ಆದಕಾರಣ ಶಾಸ್ತ್ರೀಯ ವಿಧಾನದಿಂದ ಪರೀಕ್ಷೆಗೆ ತೊಡಗಿದೆ. ಮೂಸಿದೆ. ಒತ್ತಿದೆ. ಬೆಳಕಿಗೆ ಹಿಡಿದೆ. ಡಬ್ಬಿಯ ಮುಚ್ಚಳದ ಮೇಲೆ ಮುಖದ ತುಂಬ ನೊರೆ ಹಚ್ಚಿಕೊಂಡು ನಗುತ್ತಿರುವ ಒಬ್ಬ ಗಂಡಸಿನ ಚಿತ್ರವಿತ್ತು. ಆತನ ಮುಖದಲ್ಲಿ ಕಾಯಂ ನೌಕರಿಯ ಕಳೆ ಇತ್ತು! ಅಲ್ಲಿಗೆ ತೀರ್ಮಾನವಾಯಿತು.

ಖಾದರ್ ಸಾಬರು ತಾವು ಕುಡಿಯುವ ಹೂಜಿಯಿಂದ ನಾಲ್ಕು ಹನಿ ನೀರು ಹಾಕಿ, ಬ್ರಶ್ ತಿರುಗಿಸಿ, ತಮ್ಮ ಅಂಗೈ ಮೇಲೆ ನೊರೆ ಎಬ್ಬಿಸಿ ತೋರಿಸಿದರು. ಆಹಾ! ಆಗಷ್ಟೇ ಕಡೆದ ಬೆಣ್ಣೆಯಂತೆ ಬೆಳ್ಳಗೆ ಗುಡ್ಡೆ ಎದ್ದಿತು. ಆ ನೊರೆಯಲ್ಲಿ ನನಗೆ ಕಾಯಂ ಹುಕುಮು ಕಾಣಿಸಿತು.

ಮನೆಗೆ ಬಂದು, ಹಿತ್ತಲಲ್ಲಿ ಮಣೆ ಹಾಕಿಕೊಂಡು, ಕನ್ನಡಿಯನ್ನು ತುಳಸಿಕಟ್ಟೆಗೆ ಆನಿಸಿ, ಬಾವಿಯಿಂದ ಒಂದು ಚರಿಗೆ ನೀರು ಸೇದಿದೆ. ಈ ಬಾವಿಯ ವಿಷಯ ಒಂದು ಮಾತು ಹೇಳಬೇಕು. ಅದು ನಮ್ಮ ಅಜ್ಜ ತೋಡಿಸಿದ್ದು. ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ನೀರು ಕನ್ನಡಿಯಂತೆ ತಿಳಿ. ಕುಡಿಯಲು ಮಾತ್ರ ರುಚಿ ಸ್ವಲ್ಪ ಕಡಿಮೆ. ಆದ್ದರಿಂದ ನನ್ನ ಹೆಂಡತಿ ನೀಲಮ್ಮ ದಿನಾ ಬೆಳಿಗ್ಗೆ ಹಳ್ಳಕ್ಕೆ ಹೋಗಿ, ಮರಳಿನಲ್ಲಿ ತೋಡಿದ ಒರತೆಯಿಂದ ಎರಡು ಕೊಡ ನೀರು ಹೊತ್ತು ತರುತ್ತಿದ್ದಳು, ಕುಡಿಯಲು ಮತ್ತು ಅಡಿಗೆಗೆ. ಬಟ್ಟೆಯನ್ನೂ ಹಳ್ಳದಲ್ಲೇ ಒಗೆಯುತ್ತಿದ್ದಳು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ. ಒಟ್ಟಿನಲ್ಲಿ ನಮ್ಮ ಅಜ್ಜನ ಬಾವಿಗೂ ಸಾಬೂನಿಗೂ ಅದುವರೆಗೆ ಮುಖಾಮುಖಿ ಭೇಟಿಯೇ ಆಗಿರಲಿಲ್ಲ.

ಬ್ರಶ್ ಅದ್ದಿದೆ. ತಿರುಗಿಸಿದೆ. ಮತ್ತೆ ತಿರುಗಿಸಿದೆ. ಕೈ ಸೋಲುವ ತನಕ ತಿರುಗಿಸಿದೆ. ನೊರೆ ಏಳಲಿಲ್ಲ. ಒಡೆದ ಹಾಲಿನಂತೆ ಬೂದು ಬಣ್ಣದ ಗರಣಿ ಗಲ್ಲಕ್ಕೆ ಅಂಟಿ, ಅಲ್ಲಿಂದ ಅಂಗಿಯ ಮೇಲೆ ಬಿತ್ತು. ಇರಲಿ ಎಂದು ರೇಜರ್ ಎಳೆದೆ. ಗಡ್ಡ ಅಲ್ಲೇ ಇತ್ತು, ತೊಗಲು ಮಾತ್ರ ಬಂತು!

ನೀಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದಳು. "ಅಯ್ಯ ಶಿವನ! ಮಾರಿಗೆ ಏನ್ ಹಚ್ಚಿಕೊಂಡೀರಿ? ಮೊಸರೇನ್ರಿ?"

"ಸಾಬೂನು. ಸಿಂಧನೂರಿಂದು."

"ಬಾವಿ ನೀರು ತಗೊಂಡೀರೇನು? ಆ ನೀರಿನ್ಯಾಗ ಬ್ಯಾಳಿನ ಬೇಯಂಗಿಲ್ಲ, ಇನ್ನ ಸಾಬೂನು..."

"ನಮ್ಮಜ್ಜನ ಬಾವಿಗೆ ಹೆಸರಿಡಬ್ಯಾಡ ನೀ!" ಎಂದು ಗುಡುಗಿದೆ. "ಬಂದಾಗಿಂದ ಇದ ಆತು ನಿಂದು. ಬ್ಯಾಳಿ ಬೇಯಂಗಿಲ್ಲ, ಬ್ಯಾಳಿ ಬೇಯಂಗಿಲ್ಲ. ಇದು ಬ್ಯಾಳಿ ಅಲ್ಲ, ಗಡ್ಡ! ಸಾಬೂನ ಖೊಟ್ಟಿ ಐತಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸಾಬೂನು ಖೊಟ್ಟಿ ಎಂದೆ. ನೀಲಮ್ಮ ನನ್ನ ಗಲ್ಲಕ್ಕೆ ಅರಿಶಿನ ಒತ್ತಿ ಒಳಗೆ ಹೋದಳು.

ಮರುದಿನ ಶಾಲೆ ಬಿಟ್ಟ ಮೇಲೆ ಮತ್ತೆ ಸಿಂಧನೂರು. ನನ್ನ ಮುಖ ಕಂಡು ಖಾದರ್ ಸಾಬರು ಗಾಬರಿಯಾದರು. "ಅರೆ ಅಲ್ಲಾ! ಬೆಕ್ಕು ಪರಚ್ತೇನ್ರಿ?"

"ನಿಮ್ಮ ಸಾಬೂನು ಪರಚೇತಿ. ನೊರಿ ಬರವಲ್ದು!"

ಅವರು ಅದೇ ನನ್ನ ಡಬ್ಬಿಯನ್ನು ತೆಗೆದುಕೊಂಡು, ಅದೇ ಹೂಜಿಯಿಂದ ನೀರು ಹಾಕಿ, ಬ್ರಶ್ ಆಡಿಸಿದರು. ನೊರೆ ಮುಂಗೈ ದಾಟಿ ಮೊಣಕೈಗೆ ಬಂತು. ಅಂಗಡಿಯಲ್ಲಿದ್ದ ನಾಲ್ಕು ಮಂದಿ ನನ್ನ ಕಡೆ ನೋಡಿದರು. ಮಾನ ಉಳಿಸಿಕೊಳ್ಳಲು ಕ್ರೀಮಿನ ಟ್ಯೂಬನ್ನೂ ಕೊಂಡೆ. "ಇದು ಆ ಸಾಬೂನಿನ ಅಪ್ಪ ಐತ್ರಿ ಮಾಸ್ತರ್ ಸಾಬ್. ಕಸಮ್ ಹಾಕಿ ಹೇಳ್ತೀನಿ" ಎಂದರು ಖಾದರ್ ಸಾಬರು.

ಅಪ್ಪನೂ ಮಗನ ಹಾದಿಯನ್ನೇ ಹಿಡಿದ. ಟ್ಯೂಬಿನ ಅರ್ಧ ಹಿಂಡಿದೆ, ಗಲ್ಲಕ್ಕೆ ಸುಣ್ಣ ಬಳಿದಂತಾಯಿತು, ನೊರೆ ಮಾತ್ರ ಇಲ್ಲ. ಬಾವಿಯ ನೀರು ಸುರಿದಷ್ಟೂ ಅದು ಗಂಟುಗಂಟಾಗಿ ಗದ್ದಕ್ಕೆ ಇಳಿಯಿತು. ನಾಲ್ಕು ಹೊಸ ಗಾಯ, ಅದರಲ್ಲಿ ಎರಡು ಹಳೆಯ ಗಾಯದ ಮೇಲೆಯೇ. ತೊಟ್ಟಿಲಲ್ಲಿದ್ದ ಮಗಳು ನನ್ನ ಮುಖ ನೋಡಿ ಕಿಟಾರನೆ ಕಿರುಚಿದಳು.

"ಒಂದು ಚರಗಿ ಹಳ್ಳದ ನೀರ ಕೊಡ್ಲೇನ್ರಿ?" ಎಂದಳು ನೀಲಮ್ಮ, ಮಗಳನ್ನು ಎತ್ತಿಕೊಂಡು. ದನಿ ಮೆತ್ತಗಿತ್ತು.

"ಕುಡಿಯೋ ನೀರಿನ್ಯಾಗ ಗಡ್ಡ ತೊಳಕೊಂಡ್ರ ನೋಡಿದ ಮಂದಿ ಏನಂದಾರು? ಅಜ್ಜನ ಬಾವಿ ಮನ್ಯಾಗ ಇಟ್ಕೊಂಡು!"

"ಮಂದಿ ಏನೂ ಅನ್ನಂಗಿಲ್ಲ. ಆ ಬಾವಿ ನೀರು ಹೆಂಗೈತಿ ಅಂತ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ."

ನಾನು ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ಗಾಯದ ಗಲ್ಲಕ್ಕೆ ಮಾತಾಡದೆ ಇರುವುದು ಹಿತವಾಗಿಯೂ ಇತ್ತು.

ಈ ನಡುವೆ ಶಾಲೆಯಲ್ಲಿ ನನ್ನ ಕೆಲಸ ಚೊಕ್ಕವಾಗಿ ನಡೆದಿತ್ತು. ತಪಾಸಣೆಗೆಂದು 'ನೀರು' ಎಂಬ ಪಾಠವನ್ನು ಆರಿಸಿಕೊಂಡು ಮಕ್ಕಳಿಗೆ ದಿನವೂ ಗಿಣಿಗೆ ಹೇಳಿಕೊಟ್ಟಂತೆ ಹೇಳಿಕೊಡುತ್ತಿದ್ದೆ. ಮೆದು ನೀರು, ಗಡಸು ನೀರು. ಗಡಸು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಕೊಡದು. ಹಲಗೆಯ ಮೇಲೆ ನಾನೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು, ನಾನು ಗಾಯದ ಗಲ್ಲ ಸವರಿಕೊಳ್ಳುತ್ತ ತಲೆದೂಗುತ್ತಿದ್ದೆ. ಗಡಸು ನೀರೆಂದರೆ ಪುಸ್ತಕ ಬರೆದವರ ಊರಿನ ನೀರು ಎಂದೇ ನನ್ನ ನಂಬಿಕೆ. ನಮ್ಮ ಅಜ್ಜನ ಬಾವಿಗೆ ಪುಸ್ತಕದೊಳಗೆ ಬರುವ ಯೋಗ್ಯತೆ ಇದೆಯೆಂದು ಯಾರು ತಾನೇ ಎಣಿಸುತ್ತಾರೆ!

ತಪಾಸಣೆಗೆ ಎರಡು ದಿನ ಉಳಿದಾಗ ಕೊನೆಯ ಪ್ರಯತ್ನವೆಂದು ಲಿಂಗಸೂಗೂರಿಗೆ ಹೋದೆ. ಹೋಗುವಾಗ ಬಸ್ಸು ಸಂತೆಕಲ್ಲೂರಿನ ಹತ್ತಿರ ಕೆಟ್ಟು ನಿಂತಿತು. ಬಿಸಿಲಲ್ಲಿ ಎರಡು ತಾಸು ಒಂದು ಬೇವಿನ ಗಿಡದ ಕೆಳಗೆ ಕೂತೆ. ಪಕ್ಕದಲ್ಲಿ ಕೂತ ಕುರುಬರ ಮುದುಕನೊಬ್ಬ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಕುರಿ ಉಣ್ಣಿ ಕತ್ತರಿಸಾಕ ಹೊಸಬರಿಗೆ ಕೊಟ್ರ ಹಿಂಗ ಆಕ್ಕೈತಿ ನೋಡ್ರಿ" ಎಂದು ಸಮಾಧಾನ ಹೇಳಿದ. ಉಣ್ಣಿ ಎಂದರೆ ನಮ್ಮ ಕಡೆ ಕುರಿಯ ಉಣ್ಣೆ. ನನಗೆ ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಲಿಂಗಸೂಗೂರಿನ ಅಂಗಡಿಯವರು ಕಡ್ಡಿಯಂತಿದ್ದ ಸಾಬೂನು ಕೊಟ್ಟರು. ಗಲ್ಲಕ್ಕೆ ನೇರವಾಗಿ ತಿಕ್ಕಿ, ಮೇಲೆ ಒದ್ದೆ ಬ್ರಶ್ ಆಡಿಸುವಂಥದ್ದು. ಈ ಸಲ ನಾನು ಮೋಸಹೋಗುವವನಲ್ಲ! ಅಂಗಡಿಯಲ್ಲೇ, ಅವರ ನೀರಿನಲ್ಲೇ, ನನ್ನ ಗಲ್ಲಕ್ಕೇ ಹಚ್ಚಿಸಿ ನೋಡಿದೆ. ನೊರೆ ಬಂತು. ಎರಡು ಗಲ್ಲ ತುಂಬಿ ಕಿವಿಯವರೆಗೆ ಬಂತು. ರೇಜರ್ ಮನೆಯಲ್ಲಿತ್ತು. ನೊರೆಯನ್ನು ಒರೆಸಿಕೊಂಡು, ಮೂರನೇ ಸಾಬೂನನ್ನು ಕಟ್ಟಿಸಿಕೊಂಡು, ಗೆದ್ದವನಂತೆ ಬಸ್ಸು ಹತ್ತಿದೆ.

ಗಾಯ ಮಾಗಲಿ, ತಪಾಸಣೆಯ ಹೊತ್ತಿಗೆ ಗಲ್ಲ ಹೊಚ್ಚಹೊಸದಾಗಿರಲಿ ಎಂದು ಭಾನುವಾರ ರೇಜರ್ ಮುಟ್ಟಲಿಲ್ಲ. ಸೋಮವಾರ ಬೆಳಗಾಯಿತು. ಮಣೆ, ಕನ್ನಡಿ, ತುಳಸಿಕಟ್ಟೆ, ಬಾವಿಯ ನೀರು. ಕಡ್ಡಿ ತಿಕ್ಕಿದೆ, ಬ್ರಶ್ ಆಡಿಸಿದೆ.

ಗರಣಿ!

ಆಗ ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ ಹೇಳಲಿ, ನಿಜವಾಗಿಯೇ ಬಂತು. ಮೂರು ವರ್ಷದ ಹಂಗಾಮಿ, ತೊಟ್ಟಿಲಲ್ಲಿ ಕೂಸು, ಇನ್ನೊಂದು ತಾಸಿನಲ್ಲಿ ಸಾಹೇಬರು, ಮತ್ತು ನನ್ನ ಗಲ್ಲದ ಮೇಲೆ ಒಡೆದ ಹಾಲು. ಹತಾಶೆಯಿಂದ ಡಬ್ಬಿ ಸಾಬೂನು, ಕ್ರೀಮು, ಕಡ್ಡಿ ಮೂರನ್ನೂ ಒಂದೇ ಬಟ್ಟಲಿಗೆ ಹಾಕಿ ಕಲಸಿದೆ. ಅದು ಗೋಡೆ ಮೆತ್ತುವ ಗಿಲಾಯಿಯಂತಾಯಿತು. ಅದನ್ನೇ ಮೆತ್ತಿಕೊಂಡು ಎಡಗಲ್ಲವನ್ನು ಹೇಗೋ ಹೆರೆದೆ. ಬಲಗಲ್ಲಕ್ಕೆ ಬರುವಷ್ಟರಲ್ಲಿ ಬ್ಲೇಡಿಗೆ ಜಿಗುಟು ಕಟ್ಟಿ, ರೇಜರ್ ಜಾರುವುದನ್ನೇ ಬಿಟ್ಟಿತು.

ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು. "ಮಾಸ್ತರ್ರ, ಜೀಪು ಬಂತ್ರಿ! ಸಾಲಿ ಮುಂದ ನಿಂತೈತಿ!"

ಮುಖ ತೊಳೆದುಕೊಂಡೆ. ಅರ್ಧ ಮುಖ ಗಾಯ, ಅರ್ಧ ಮುಖ ಗಡ್ಡ. ನೀಲಮ್ಮ ಅರಿಶಿನ ಹಚ್ಚಿ, ನನ್ನ ಶಲ್ಯವನ್ನು ಗದ್ದದ ಕೆಳಗಿನಿಂದ ತಲೆಯ ಮೇಲಕ್ಕೆ ಸುತ್ತಿ ಗಂಟು ಹಾಕಿದಳು. "ಹಲ್ಲು ನೋವು ಅಂತ ಹೇಳ್ರಿ" ಎಂದಳು. ನಾನು ಓಡಿದೆ.

ಸಾಹೇಬರು ಆಗಲೇ ನಾಲ್ಕನೇ ತರಗತಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಸಣಕಲು ಮೈ, ದಪ್ಪ ಕನ್ನಡಕ. ಗಲ್ಲವಂತೂ ನೊಣ ಕೂತರೆ ಜಾರಬೇಕು, ಅಷ್ಟು ನುಣುಪು. ನನ್ನ ಶಲ್ಯದ ಗಂಟನ್ನು ನೋಡಿದರು.

"ಏನ್ರಿ ಇದು?"

"ಹಲ್ಲು ನೋವ್ರಿ ಸಾಹೇಬ್ರ."

"ಹಾಗಾದರೆ ನೀವು ಮಾತಾಡಬೇಡಿ. ಮಕ್ಕಳನ್ನು ನಾನೇ ಕೇಳುತ್ತೇನೆ" ಎಂದು ಹಲಗೆಯ ಕಡೆ ತಿರುಗಿದರು. "ಗಡಸು ನೀರನ್ನು ಗುರುತಿಸುವುದು ಹೇಗೆ?"

ನನ್ನ ಎದೆ ಹಗುರಾಯಿತು. ಈ ಪ್ರಶ್ನೆಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನನ್ನ ಮಕ್ಕಳು ಉತ್ತರ ಹೇಳುತ್ತಾರೆ. ಇಡೀ ತರಗತಿ ಒಂದೇ ದನಿಯಲ್ಲಿ ಹಾಡಿತು: "ಗಡಸು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಕೊಡದು!"

ಸಾಹೇಬರು ತಲೆದೂಗಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಬಾಯಿಪಾಠ ಚೆನ್ನಾಗಿದೆ. ಅರ್ಥವಾಗಿದೆಯೋ ಇಲ್ಲವೋ ನೋಡೋಣ. ನಿಮ್ಮ ಊರಲ್ಲಿ ಗಡಸು ನೀರು ಎಲ್ಲಿದೆ, ಹೇಳಿ ನೋಡೋಣ?"

ಇದು ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಮಕ್ಕಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಮಾಸ್ತರ್ರ ಮನಿ ಬಾವ್ಯಾಗ್ರಿ!"

ಇಡೀ ತರಗತಿ! ಒಂದೇ ದನಿ! ನಾನು ಕಲಿಸಿದ ಅದೇ ರಾಗ! ಮುಂದಿನ ಸಾಲಿನ ಒಬ್ಬಳು ಎದ್ದು ನಿಂತು ವಿವರವನ್ನೂ ಕೊಟ್ಟಳು. "ನಮ್ಮವ್ವ ಹೇಳ್ಯಾಳ್ರಿ. ಆ ನೀರಿನ್ಯಾಗ ಮಾಸ್ತರ್ರು ದಿನಾ ಗಡ್ಡ ಮಾಡ್ಕೊಳಾಕ ಹೋಗಿ ಮಾರಿ ಕೆತ್ತಿಕೊಂತಾರಂತ್ರಿ."

ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಗಂಟು ಬಿಚ್ಚಿ."

ಬಿಚ್ಚಿದೆ. ಎಡಗಲ್ಲ ನೋಡಿದರು. ಬಲಗಲ್ಲ ನೋಡಿದರು. ಹಲಗೆಯ ಮೇಲಿನ ನನ್ನ ದುಂಡಗಿನ ಅಕ್ಷರ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಅವರ ತುಟಿ ಅದುರುತ್ತಿತ್ತು. ಸಿಟ್ಟೆಂದು ತಿಳಿದು ನಾನು ಅಣ್ಣನ ಹೊಲದ ಹಕ್ಕಿಗಳನ್ನು ನೆನೆಸಿಕೊಂಡೆ. ನನಗೆ ಅಣ್ಣನೂ ಇರಲಿಲ್ಲ.

"ಎಷ್ಟು ದಿನದಿಂದ ಈ ಪಾಠ ಹೇಳುತ್ತಿದ್ದೀರಿ?"

"ಹದಿನೈದು ದಿನ ಆತ್ರಿ."

"ಎಷ್ಟು ದಿನದಿಂದ ಆ ನೀರಿನಲ್ಲಿ ಗಡ್ಡ...?"

"ಅದೂ ಹದಿನೈದ್ರಿ."

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಭುಜ ಕುಣಿಯುತ್ತಿದ್ದವು. ಬಹಳ ಹೊತ್ತಿನ ಮೇಲೆ ತಿರುಗಿ, ಶಾಲೆಯ ತಪಾಸಣೆ ಪುಸ್ತಕದಲ್ಲಿ ಬರೆದು, ಜೀಪು ಹತ್ತಿದರು. ಜೀಪಿನ ಧೂಳು ಅಡಗುವ ಮೊದಲೇ ಪುಸ್ತಕ ತೆರೆದೆ. 'ಪಾಠವು ಮಕ್ಕಳಿಗೆ ಪೂರ್ಣವಾಗಿ ಮನದಟ್ಟಾಗಿದೆ. ಶಿಕ್ಷಕರಿಗೂ ಕಾಲಕ್ರಮದಲ್ಲಿ ಆಗಬಹುದು. ಅದಕ್ಕೆ ಸಮಯ ಬೇಕಾದುದರಿಂದ ಇವರನ್ನು ಕಾಯಂ ಮಾಡಬಹುದು.'

ಮನೆಗೆ ಬಂದೆ. ನೀಲಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಾತ್ರಿ?"

"ಕಾಯಂ" ಎಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಚರಿಗೆ ಮುಂದೆ ಹಿಡಿದೆ. ಅವಳು ಒಳಗೆ ಹೋಗಿ ಹಳ್ಳದ ನೀರು ತುಂಬಿ ತಂದುಕೊಟ್ಟಳು. ಡಬ್ಬಿಯ ಸಾಬೂನಿಗೆ ಬ್ರಶ್ ತಾಗಿಸಿದೆನೋ ಇಲ್ಲವೋ, ನೊರೆ ಉಕ್ಕಿ ಬಂತು. ಬಲಗಲ್ಲ ಎರಡು ಎಳೆತಕ್ಕೆ ನುಣ್ಣಗಾಯಿತು. ಮುಚ್ಚಳದ ಮೇಲಿನ ಮನುಷ್ಯ ನಗುತ್ತಲೇ ಇದ್ದ. ಇಷ್ಟು ದಿನ ಅವನು ನಕ್ಕದ್ದು ಯಾರನ್ನು ನೋಡಿ ಎಂದು ಆಗ ತಿಳಿಯಿತು.

"ಮೊದಲನೇ ದಿನಾನ ಹೇಳಿದ್ದೆ" ಎಂದಳು ನೀಲಮ್ಮ. ಆಮೇಲೆ ಜೀವಮಾನದಲ್ಲಿ ಎಷ್ಟು ಸಲ ಎಂದಳೋ ಎಣಿಸಿಲ್ಲ.

ಆದರೂ ಗಡ್ಡಕ್ಕಾಗಿ ಅವಳಿಂದ ಇನ್ನೊಂದು ಕೊಡ ಹೊರಿಸುವ ಮುಖ ನನಗಿರಲಿಲ್ಲ. ಮೂರೂ ಸಾಬೂನನ್ನು ಅವಳು ಹಳ್ಳಕ್ಕೆ ಒಯ್ದು ಕೂಸಿನ ಬಟ್ಟೆ ಒಗೆದಳು. ಗುರುವಾರ ನಾನೇ ಮಲ್ಲಪ್ಪನಿಗೆ ಹೇಳಿಕಳಿಸಿದೆ. ಅವನು ಬಂದು ಏನೂ ಆಗದವನಂತೆ ಬಟ್ಟಲಿಟ್ಟು, ನನ್ನ ಗದ್ದ ಮೇಲಕ್ಕೆತ್ತಿ, ಗಾಯಗಳನ್ನು ಒಂದೊಂದಾಗಿ ನೋಡಿದ.

"ಬಟ್ಟಲಾಗಿನ ನೀರು ಎಲ್ಲಿದು ಮಲ್ಲಪ್ಪ?" ಎಂದು ಮೆಲ್ಲಗೆ ಕೇಳಿದೆ.

"ಹಳ್ಳದ್ದರಿ. ನಿಮ್ಮಜ್ಜಾರಿಗೂ ಇದ ನೀರು ತರತಿದ್ದ ನಮ್ಮಪ್ಪ. 'ನನ್ನ ಬಾವಿ ನೀರು ಮಾತ್ರ ನನ್ನ ಗಡ್ಡಕ್ಕ ಹಚ್ಚಬ್ಯಾಡೋ' ಅಂತಿದ್ರಂತ್ರಿ ಅವರು."

ನಾನು ಕಣ್ಣು ಮುಚ್ಚಿ ಗಲ್ಲ ಒಡ್ಡಿದೆ. ಅದಾದ ಮೇಲೆ ನಿವೃತ್ತಿಯ ತನಕ ವರ್ಷಕ್ಕೊಮ್ಮೆ ಆ ಪಾಠ ಬರುತ್ತಿತ್ತು. 'ಗಡಸು ನೀರು' ಎಂದು ನಾನು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಮಕ್ಕಳೆಲ್ಲ ನನ್ನ ಗಲ್ಲ ನೋಡುತ್ತಿದ್ದರು. ಬೇರೆ ಮಾಸ್ತರರು ಉದಾಹರಣೆಗಾಗಿ ಒದ್ದಾಡುತ್ತಿದ್ದರು. ನನಗೆ ಆ ಕಷ್ಟ ಬರಲಿಲ್ಲ. ತರಗತಿಗೆ ಹೋಗಿ ಸುಮ್ಮನೆ ನಿಂತರೆ ಸಾಕಾಗುತ್ತಿತ್ತು.